ರೊಟ್ಟಿ ದುಬೈಕ್ಕ ಹೊಂಟಿತ್ತು

ಸಮಾಜಸೇವಾನೂ ಮಾಡಬೇಕು, ಧಂದಾನೂ ಬೆಳೀಬೇಕು ಅಂತ ಹೊಂಟವರ ಹಣಿಬರದಾಗ ಇಂಥಾವು ದಿನಕ್ಕೊಂದು ಬರದಿರ್ತಾವ. ಹೇಳಿದ್ರ ಮಂದಿ ನಗ್ತಾರ. ನಾನೂ ನಗ್ತೀನಿ. ಅತ್ತು ಅತ್ತು ಸಾಕಾಗ್ಯಾದ, ಮತ್ತೇನು ಮಾಡೂದು?

ನಮ್ಮದು ಖಡಕ್ ಜೋಳದ ರೊಟ್ಟಿ ಧಂದಾ. ಕಮಲಾಪುರ ಅಂದ್ರ ಎಲ್ಲಾರಿಗೂ ಕೆಂಪು ಬಾಳಿಹಣ್ಣು ನೆನಪಾಗ್ತದ. ನನಗ ಅಲ್ಲಿನ ಹೆಣ್ಮಕ್ಕಳ ಕೈ ನೆನಪಾಗ್ತಾವ. ಎಂಥಾ ಕೈ ಅಂತೀರಿ! ಟಪ್ ಟಪ್ ಅಂತ ಬಡದ್ರ ಹಿಟ್ಟಿನ ಉಂಡಿ ತಿರುಗ್ತಾ ತಿರುಗ್ತಾ ಹಿಟ್ಟು ನಾದೂ ಪರಾತದಷ್ಟು ಅಗಲ ಆಗ್ತದ. ಆ ಕೈಗೋಳಿಗಿ ಊರಾಗ ಕೆಲಸ ಇದ್ದಿದ್ದಿಲ್ಲ. ಅದಕ್ಕ ನಾ ಕಮಲಾಪುರದಾಗ ಒಂದು ಶೆಡ್ ಹಿಡದೆ. ಕಲಬುರಗಿ ಜೇವರ್ಗಿ ಕಾಲೋನಿಯೊಳಗ ಒಂದು ಟ್ಯೂಷನ್ ಕ್ಲಾಸಿನ ಮ್ಯಾಲ ಆಫೀಸ್ ಮಾಡಿದೆ. ಕೆಳಗ ಹುಡುಗರು ಮಗ್ಗಿ ಒದರ್ತಿರ್ತಾರ, ಮ್ಯಾಲ ನಾ ಫೋನಿನ್ಯಾಗ ದುಬೈಕ್ಕ ಒದರ್ತಿರ್ತೀನಿ.

ಧಂದಾದಾಗ ನನ್ನ ಪಾಲುದಾರ ನನ್ನ ಮೈದುನ. ಮನುಷ್ಯ ಕೆಟ್ಟವ ಅಲ್ಲ. ಆದ್ರ ಅವನ ಬಾಯಾಗ ಮುಂಜಾನಿಂದ ಸಂಜೀತನಕ ಒಂದೇ ಮಾತು, ಗ್ರೋಥ್. ಎಲ್ಲೋ ಒಂದು ರೊಟ್ಟಿ ಮಷೀನ್ ನೋಡಿಬಂದಾನ, ಅವತ್ತಿಂದ ಅದರ ಮ್ಯಾಲೇ ಜೀವ. ಕನ್ಯಾ ನೋಡಿಬಂದಾಗೂ ಇಷ್ಟು ಖುಷಿ ಆಗಿದ್ದಿಲ್ಲ ಅವಗ.

"ವೈನಿ, ನೀವು ಸೇವಾ ಮಾಡ್ರಿ, ನಾ ಧಂದಾ ಮಾಡ್ತೀನಿ. ಎರಡೂ ಕೂಡೇ ಹೋಗ್ತಾವ" ಅಂತಿದ್ದ.

"ಮಷೀನ್ ಬಂದ್ರ ನನ್ನ ಹೆಣ್ಮಕ್ಕಳು ಎಲ್ಲಿ ಹೋಗ್ತಾರಪಾ?" ಅಂತ ಕೇಳಿದ್ರ ಫೋನಿನ್ಯಾಗ ಮತ್ತ ಮಷೀನ್ ತೋರಸ್ತಿದ್ದ.

ಕಡೀಗಿ ಇಬ್ಬರೂ ಒಂದು ಕರಾರಿಗಿ ಬಂದೀವಿ. ದುಬೈದಾಗ ಒಬ್ಬ ದೊಡ್ಡ ವ್ಯಾಪಾರಿ ನಮ್ಮ ರೊಟ್ಟಿ ಮಾರಾಕ ಒಪ್ಪಿದ್ದ. ಮೊದಲನೇ ಲೋಡು ಪರೀಕ್ಷಾ. ಕೈಲೆ ಬಡದ ರೊಟ್ಟಿ ಅವನಿಗಿ ಪಸಂದ ಬಂದ್ರ ಮಷೀನಿನ ಮಾತು ಬಂದ್. ಬರಲಿಲ್ಲಂದ್ರ ಮಷೀನ್ ಒಳಗ, ಹೆಣ್ಮಕ್ಕಳು ಹೊರಗ. ಇಷ್ಟೇ ಕರಾರು. ಅದೊಂದು ಲೋಡಿನ ಸಲುವಾಗಿ ನಾ ಅನುಭವಿಸಿದ್ದು ಆ ದೇವರಿಗೇ ಗೊತ್ತು.

೧. ಸಿಟ್ಟಿನ ರೊಟ್ಟಿ

ನಾವು ಕಳಿಸಿದ ಸ್ಯಾಂಪಲ್ ನೋಡಿ ದುಬೈ ಸಾಹೇಬ ಒಂದೇ ಮಾತು ಹೇಳಿದ: ತೆಳ್ಳನ ರೊಟ್ಟಿ ಬೇಕು, ದಪ್ಪ ಬ್ಯಾಡ. ಆದ್ರ ನಮ್ಮ ಶೆಡ್ಡಿನ್ಯಾಗ ಒಂದಿನ ತೆಳ್ಳಗ ಆದ್ರ ಒಂದಿನ ದಪ್ಪ. ಹಿಟ್ಟು ಅದೇ, ನೀರು ಅದೇ, ಕೈ ಅವೇ. ಮೈದುನ ಹೆಣ್ಮಕ್ಕಳ ತಲಿಮ್ಯಾಲ ನಿಂತು ನೋಡಿದ, ಏನೂ ಹೊಳೀಲಿಲ್ಲ. ಆಮ್ಯಾಲ ಆಯಿ ಹತ್ತಿರ ಹೋದ.

ಆಯಿ ಅಂದ್ರ ಶೆಡ್ಡಿನ್ಯಾಗ ಎಲ್ಲಾರಿಗಿಂತ ಹಿರಿಯಾಕಿ. ಬಾಯಿ ಭಾಳ ಜೋರು. ಆಕಿ ಹೂಂ ಅನ್ನೂತನಕ ಅಲ್ಲಿ ಒಂದು ಒಲಿ ಹತ್ತಂಗಿಲ್ಲ.

"ಆಯಿ, ನಿನ್ನಿ ರೊಟ್ಟಿ ತೆಳ್ಳಗ ಆಗಿದ್ವು. ಇವತ್ತು ಯಾಕ ದಪ್ಪ?"

"ನಿನ್ನಿ ನಳ ಬಂದಿದ್ದಿಲ್ರಿ ಸಾಹೇಬ್ರ. ಓಣಿ ತುಂಬಾ ನೀರಿನ ಜಗಳ. ಸಿಟ್ಟಿನ್ಯಾಗ ಕೈ ಜೋರ್ ಬೀಳ್ತದ, ರೊಟ್ಟಿ ತೆಳ್ಳಗ ಆಗ್ತದ. ಇವತ್ತು ನಳ ಬಂದದ, ಎಲ್ಲಾರೂ ಆರಾಮ ಅದಾರ."

ಇವನ ತಲಿಯೊಳಗ ಲೈಟ್ ಹತ್ತಿಬಿಡ್ತು. ಮರುದಿನ ಮುಂಜಾನಿ ಗೇಟಿನ್ಯಾಗ ನಿಂತು ಬಂದ ಬಂದವರಿಗಿ ಕೇಳಾಕ ಶುರು ಮಾಡಿದ. "ಮನ್ಯಾಗ ಜಗಳ ಆಗ್ಯಾದೇನು? ಆಗ್ಯಾದ? ಭಾಳ ಛಲೋ ಆತು, ನೀ ದುಬೈ ಸಾಲಿನ್ಯಾಗ ಕುಂದ್ರು. ನಿಂದು ಆಗಿಲ್ಲ? ನೀ ಊರಾಗ ಮಾರೂ ರೊಟ್ಟಿಗಿ, ಕಲಬುರಗಿ ಸಾಲಿನ್ಯಾಗ."

ಅತ್ತಿ ಬೈದಾಕಿ, ಗಂಡ ಕುಡದು ಬಂದಾಕಿ, ನೆಗೆಣ್ಣಿ ಕೂಡ ಮಾತು ಬಿಟ್ಟಾಕಿ, ಎಲ್ಲಾರೂ ದುಬೈಕ್ಕ. ಹೊಸದಾಗಿ ಲಗ್ನ ಆದ ಹುಡುಗಿ ಒಬ್ಬಾಕಿ ಇದ್ದಳು. ದಿನಾ ಕಲಬುರಗಿ ಸಾಲಿನ್ಯಾಗೇ ಕುಂತು ಕುಂತು ಒಂದಿನ ನನ್ನ ಮುಂದ ಅತ್ತುಬಿಟ್ಟಳು. "ಅಕ್ಕಾರ, ನನ್ನ ಗಂಡ ಭಾಳ ಛಲೋ ಇದ್ದಾನ್ರಿ. ಒಂದು ಮಾತು ಅನ್ನಂಗಿಲ್ಲ. ಹಿಂಗಾದ್ರ ನಾ ಯಾವಾಗ ಮುಂದ ಬರಲ್ರಿ?"

ನಾ ಮೈದುನಗ ಬೈದೆ. ಇದೇನು ಧಂದಾನೋ, ಮಂದಿ ಸಂಸಾರ ಮುರಿಯೂ ಕಾರ್ಖಾನೀನೋ ಅಂತ. ಕಿವಿಗಿ ಹಾಕ್ಕೊಳ್ಳಲಿಲ್ಲ. ಒಂದು ಹಬ್ಬದ ಮರುದಿನ ಯಾರ ಮನ್ಯಾಗೂ ಜಗಳ ಇಲ್ಲ, ಎಲ್ಲಾರೂ ನಕ್ಕೋತ ಬಂದಾರ. ಇವ ಏನು ಮಾಡಿದ ಅಂತೀರಿ? ತಾನೇ ಸಿಟ್ಟು ತರಿಸಬೇಕಂತ ಹನ್ನೊಂದು ಗಂಟೆ ಚಹಾ ಬಂದ್ ಮಾಡಿಬಿಟ್ಟ.

ಅವತ್ತು ರೊಟ್ಟಿ ಎಷ್ಟು ತೆಳ್ಳಗ ಆದ್ವು ಅಂದ್ರ ಒಂದೊಂದರಾಗೂ ತೂತು. ಎತ್ತಿ ಹಿಡದ್ರ ಆ ಕಡಿ ಬಸ್‌ಸ್ಟ್ಯಾಂಡ್ ಕಾಣ್ತಿತ್ತು. ಮೈದುನ ತಲಿಮ್ಯಾಲ ಕೈ ಹೊತ್ತು ಕುಂತ.

ಆಯಿ ಹೇಳಿದಳು, "ಗಂಡನ ಮ್ಯಾಲಿನ ಸಿಟ್ಟಿಗಿ ಒಂದು ಅಳತಿ ಇರ್ತದ್ರಿ ಸಾಹೇಬ್ರ. ಚಹಾ ಬಂದ್ ಮಾಡಿದವನ ಮ್ಯಾಲಿನ ಸಿಟ್ಟಿಗಿ ಯಾವ ಅಳತೀನೂ ಇಲ್ಲ."

೨. ಬಳಿ ತಗದು ಬರ್ರಿ

ಹೊರದೇಶಕ್ಕ ತಿನ್ನೂ ಮಾಲು ಕಳಿಸೂದಂದ್ರ ಶೆಡ್ಡಿನ್ಯಾಗ ಗಾಜಿನ ಸಾಮಾನು ಇರಬಾರದು. ಒಡದು ಚೂರು ಬಿದ್ದೀತು ಅಂತ. ಕಾಯ್ದಾ ಖರೇ ಅದ. ಇದು ಮೈದುನಗ ತಿಳೀತು. ನನಗ ಒಂದು ಮಾತು ಕೇಳಬೇಕಿಲ್ಲೋ? ಸೀದಾ ಕಮಲಾಪುರಕ್ಕ ಹೋಗಿ, ಶೆಡ್ಡಿನ ನಡುವ ನಿಂತು, ಎಲ್ಲಾರಿಗೂ ಕೇಳೂಹಂಗ ಹೇಳ್ಯಾನ: "ನಾಳಿಂದ ಎಲ್ಲಾರೂ ಬಳಿ ತಗದು ಬರ್ರಿ."

ಬಡಿಯೂ ಕೈ ಒಮ್ಮೆಲೇ ನಿಂತ್ವಂತ. ಇವ ಎಲ್ಲಾರೂ ಒಪ್ಪಿದ್ರು ಅಂದ್ಕೊಂಡು ಖುಷಿಲೆ ವಾಪಸ್ ಬಂದ.

ಮರುದಿನ ಮುಂಜಾನಿ ಕಲಬುರಗಿ ಬ್ರಹ್ಮಪುರದ ನಮ್ಮ ಮನ್ಯಾಗ ನಾ ಇನ್ನಾ ದೇವರಿಗಿ ದೀಪಾ ಹಚ್ಚಿದ್ದಿಲ್ಲ, ಫೋನ್ ಬಂತು. "ವೈನಿ, ಲಗೂ ಬರ್ರಿ. ಇಲ್ಲಿ ಒಬ್ಬಾಕಿ ಹೆಣ್ಮಗಳೂ ಬಂದಿಲ್ಲ. ಬರೇ ಗಂಡಸರು ಬಂದು ನಿಂತಾರ."

ಬಿದ್ದೆನೋ ಎದ್ದೆನೋ ಅಂತ ಹೋದೆ. ಶೆಡ್ಡಿನ ಮುಂದ ಎಲ್ಲಾ ಹೆಣ್ಮಕ್ಕಳ ಗಂಡಂದಿರು ಸಾಲಾಗಿ ನಿಂತಿದ್ರು. ಜಳಕಾ ಮಾಡಿ, ವಿಭೂತಿ ಹಚ್ಚಿ, ಒಗದ ಅಂಗಿ ಹಾಕ್ಕೊಂಡು. ಮೈದುನ ಒಳಗ ಬಾಗಲಾ ಹಾಕ್ಕೊಂಡು ಕುಂತಾನ.

"ಏನಾತ್ರಪಾ?" ಅಂತ ಕೇಳಿದೆ.

ಒಬ್ಬ ಮುಂದ ಬಂದ. "ಅಕ್ಕಾರ, ನಮ್ಮ ಹೆಂಡರಿಗಿ ಬಳಿ ತಗೀರಿ ಅಂದಾರಂತ ಸಾಹೇಬ್ರು. ನಾವಿನ್ನಾ ಅದೀವ್ರಿ. ಬೇಕಾದ್ರ ನೋಡ್ರಿ."

ಹಿಂದಿನವ ಒದರಿದ, "ಕೈ ಹಿಡದು ನಾಡಿ ನೋಡಂತ ಹೇಳ್ರಿ ಅವರಿಗಿ!"

ನನಗ ನಗಿ ಒಂದು ಕಡಿ, ನಾಚಿಕಿ ಒಂದು ಕಡಿ. ಎಲ್ಲಾರಿಗೂ ಕೈ ಮುಗದೆ. ಮೈದುನಗ ಹೊರಗ ಕರದು ತಪ್ಪಾತು ಅನ್ನಿಸಿದೆ. ಬಳಿ ತಗೀಬ್ಯಾಡ್ರಿ, ಮುಚ್ಚಿಕೊಳ್ರಿ ಸಾಕು ಅಂತ ಹೇಳಿದೆ. ಕಲಬುರಗಿ ಗಾಜಿಪುರದಾಗ ನಮ್ಮ ರೊಟ್ಟಿ ಡಬ್ಬಿ ತುಂಬಿ ಕಳಿಸೂ ಆಪಾ ಒಬ್ಬರು ಅದಾರ, ಹೊಲಿಗಿ ಬಲ್ಲವರು. ಮುಂಗೈಯಿಂದ ಮೊಣಕೈತನಕ ಎಲ್ಲಾರಿಗೂ ಬಿಳೀ ಅರಿವಿ ತೋಳು ಹೊಲಕೊಟ್ರು, ಎರಡೂ ಕಡಿ ಎಲಾಸ್ಟಿಕ್ ಹಾಕಿ.

ಆ ವಾರಾನೇ ಹೊರದೇಶಕ್ಕ ಹೋಗೂ ಮಾಲು ನೋಡೂ ತಪಾಸಣಿ ಮೇಡಂ ಒಬ್ಬರು ಬೆಂಗಳೂರಿಂದ ಬಂದ್ರು. ಎಲ್ಲಾ ನೋಡಿದ್ರು. ಬಿಳೀ ತೋಳು ಹಾಕ್ಕೊಂಡು ಸಾಲಾಗಿ ಕುಂತ ಹೆಣ್ಮಕ್ಕಳನ್ನ ನೋಡಿ ಭಾಳ ಸಂತೋಷ ಆತು ಅವರಿಗಿ. "ಬಳೆ ಯಾರಿಗೂ ಇಲ್ಲ ಅಲ್ವಾ? ವೆರಿ ಗುಡ್" ಅಂದ್ರು. ಆಮ್ಯಾಲ ಜರಾ ಕಿವಿಗೊಟ್ರು. ರೊಟ್ಟಿ ಬಡಿಯೂವಾಗ ಶೆಡ್ ತುಂಬಾ ಝಲ್ ಝಲ್, ಝಲ್ ಝಲ್. "ಮತ್ತೆ ಇದೇನು ಸೌಂಡು?"

ಮೈದುನ ಬೆವರು ಒರಸ್ಕೊಂಡ.

ಆಯಿ ಕೈ ನಿಂದ್ರಸದೇ ಹೇಳಿದಳು, "ಖಡಕ್ ರೊಟ್ಟಿ ಅಲ್ಲೇನ್ರಿ ಬಾಯಾರ, ಹಸಿ ಇದ್ದಾಗಿಂದನೇ ಸಪ್ಪಳ ಮಾಡ್ತಾವ."

೩. ಖಾಲಿ ರೊಟ್ಟಿ

ಇನ್ನ ಇದೊಂದು ಕೇಳ್ರಿ.

ಶೇಂಗಾ ಅಂದ್ರ ಕೆಲವು ಮಂದಿ ಮೈಗಿ ಆಗಂಗಿಲ್ಲ. ದದ್ದು ಏಳ್ತಾವ, ಉಸಿರು ಕಟ್ತದ. ಅದಕ್ಕ ಮಾಲಿನ್ಯಾಗ ಶೇಂಗಾ ಇದ್ರ ಡಬ್ಬಿ ಮ್ಯಾಲ ಬರೀಬೇಕು, ಬರೀದೇ ಕಳಿಸಿದ್ರ ಪೂರಾ ಲೋಡು ಹೋಯ್ತು. ಒಳಗ ಏನೇನದ ಅಂತ ನಮ್ಮ ಡಬ್ಬಿ ಮ್ಯಾಲ ಬರದದ್ದು ಮೂರೇ ಮಾತು. ಜೋಳ, ನೀರು, ಉಪ್ಪು. ನಾ ಖುದ್ದ ಕಮಲಾಪುರಕ್ಕ ಹೋಗಿ ಎಲ್ಲಾರಿಗೂ ಕುಂದ್ರಿಸಿ ಹೇಳಿದೆ, "ನೋಡ್ರವ್ವಾ, ಈ ಶೆಡ್ಡಿನ್ಯಾಗ ಶೇಂಗಾ ಹುರೀಬಾರದು, ಕುಟ್ಟಬಾರದು, ಒಂದು ಕಾಳು ಕಾಣಬಾರದು." ಎಲ್ಲಾರೂ "ಹೂಂ ಅಕ್ಕಾರ" ಅಂದ್ರು.

ಶೆಡ್ಡಿನ್ಯಾಗ ಹೆಣ್ಮಕ್ಕಳು ಪ್ಯಾಕೇಟ್ ಕಟ್ಟಿದ್ರು, ಗಾಜಿಪುರದಾಗ ಆಪಾ ಡಬ್ಬಿ ತುಂಬಿದ್ರು, ಲೋಡು ತಯಾರಾತು. ಲಾರಿ ಗಾಲಿ ಕೆಳಗ ನಿಂಬಿಹಣ್ಣು ಇಟ್ಟು, ಆರತಿ ಮಾಡಿ ಮುಂಬೈಕ್ಕ ಕಳಿಸಿದೆವು. ಕಮಲಾಪುರದಿಂದ ಬಂದಿದ್ದ ಹೆಣ್ಮಕ್ಕಳು ಲಾರಿ ಹಿಂದ ರಸ್ತಾತನಕ ನಡದ್ರು. ಮಗಳನ್ನ ಗಂಡನ ಮನಿಗಿ ಕಳಿಸಿದಂಗ ಕಣ್ಣೀರು ತಗದ್ರು. ಮೈದುನ ಸೈತ ಮಷೀನಿನ ಮಾತು ಬಿಟ್ಟು, "ವೈನಿ, ನೀವೇ ಗೆದ್ದಂಗ ಕಾಣ್ತದ" ಅಂದ. ನಾ ಆಫೀಸಿನ ಕೆಳಗ ಟ್ಯೂಷನ್ ಹುಡುಗರಿಗೆಲ್ಲಾ ಪೇಢಾ ಹಂಚಿಬಿಟ್ಟೆ. ಹಂಚಬಾರದಿತ್ತು.

ದುಬೈಯಿಂದ ಫೋನ್ ಬಂತು. ಬಂದರದಾಗ ಡಬ್ಬಿ ಒಡದು ನೋಡ್ಯಾರ. ಪ್ರತಿ ಪ್ಯಾಕೇಟಿನ್ಯಾಗ ರೊಟ್ಟಿ ನಡುವ ಒಂದು ಸಣ್ಣ ಪುಡಕಿ. ಪುಡಕಿಯೊಳಗ ಕೆಂಪನ ಪುಡಿ. ಶೇಂಗಾ ಹಿಂಡಿ, ಅದೇ ರೊಟ್ಟಿಗಿ ಹಚ್ಕೊಳ್ಳೂ ಚಟ್ನಿಪುಡಿ! ಒಂದರಾಗ ಎರಡರಾಗ ಅಲ್ಲ, ಪೂರಾ ಲೋಡಿನ್ಯಾಗ. ಮಾಲು ಎಲ್ಲಾ ನಾಶ ಮಾಡ್ತಾರಂತ. ಸಾಹೇಬ ಹಿಂದಿಯೊಳಗ ಏನೇನು ಬೈದನೋ, ಅರ್ಧಾ ತಿಳೀತು, ಉಳಿದರ್ಧಾ ತಿಳೀಲಿಲ್ಲ, ತಿಳೀಲಾರದ್ದೇ ಛಲೋ ಆತು.

ಮೊದಲು ಗಾಜಿಪುರದ ಆಪಾಗ ಕೇಳಿದೆ. ಡಬ್ಬಿ ತೂಕ ಮಾಡಾವ್ರು ಅವರೇ ಅಲ್ಲ? "ಆಪಾ, ತೂಕ ಜಾಸ್ತಿ ಬಂದದ್ದು ನಿಮಗ ಗೊತ್ತಾಗಲಿಲ್ಲೇನು?"

"ಗೊತ್ತಾಗಿತ್ತು ಮೇಡಂ. ಮೈ ಸಮ್ಝೀ ಬರಕತ್ ಹೈ. ಕಮ್ತಿ ಬಂದಿದ್ರ ಹೇಳ್ತಿದ್ದೆ, ಜಾಸ್ತಿ ಬಂದದ್ದಕ್ಕ ಕಾಯ್ಕು ಬೋಲ್ನಾ?"

ಬರಕತ್ ಅಂತ! ದೇವರು ಕೊಟ್ಟ ಹೆಚ್ಚುವರಿ! ಅಲ್ಲಿಂದ ಸೀದಾ ಕಮಲಾಪುರಕ್ಕ ಹೋದೆ. ದಾರಿ ಉದ್ದಕ್ಕೂ ಹೆಂಗ ಬೈಬೇಕು ಅಂತ ಬಾಯಿಪಾಠ ಮಾಡ್ಕೋತ. ಒಳಗ ಕಾಲಿಡೂದಕ್ಕೇ ಒದರಿದೆ, "ಆಯಿ, ರೊಟ್ಟಿಯೊಳಗ ಹಿಂಡಿ ಇಟ್ಟವರು ಯಾರು?"

"ಎಲ್ಲಾರೂ ಇಟ್ಟೀವ್ರಿ" ಅಂದಳು ಆಯಿ, ಏನೂ ಅಂಜಿಕಿ ಇಲ್ಲ. "ಖಾಲಿ ರೊಟ್ಟಿ ಯಾರಾರ ಕಳಸ್ತಾರೇನ್ರಿ? ಪಕ್ಕದ ಮನಿಗಿ ಕೊಟ್ರೂ ಮ್ಯಾಲ ಒಂದು ಚಿಟಿಕಿ ಹಿಂಡಿ ಇಟ್ಟು ಕೊಡ್ತೀವಿ. ಅಷ್ಟು ದೂರ ಸಮುದ್ರಾ ದಾಟಿ ಖಾಲಿ ರೊಟ್ಟಿ ಹೋದ್ರ ಆ ಮಂದಿ ಏನಂದಾರು? ಕಮಲಾಪುರದಾಗ ಹೆಣ್ಮಕ್ಕಳು ಸತ್ತಾರೇನು ಅಂದಾರು. ನಿಮ್ಮ ಹೆಸರು ಕೆಡಬಾರದಂತ ಇಟ್ಟೀವಿ."

ನನ್ನ ಹೆಸರು! ಎಲ್ಲಾ ಹೆಣ್ಮಕ್ಕಳೂ ನನ್ನ ಮಾರಿ ನೋಡಾಕತ್ತಿದ್ರು, ನಾ ಶಾಬಾಶ್ ಅಂತೀನಿ ಅಂತ ಕಾಣ್ತದ. ಬಾಯಿಪಾಠ ಮಾಡಿದ್ದೆಲ್ಲಾ ಮರತುಹೋತು.

"ಆಯಿ" ಅಂದೆ, "ಶೆಡ್ಡಿನ್ಯಾಗ ಶೇಂಗಾ ಹುರೀಬ್ಯಾಡ್ರಿ, ಕುಟ್ಟಬ್ಯಾಡ್ರಿ ಅಂತ ಅಷ್ಟು ಹೇಳಿದ್ದೆನಲ್ಲ?"

"ಹೌದ್ರಿ. ನಿಮ್ಮ ಮಾತು ಮೀರಿಲ್ಲ. ಎಲ್ಲಾರೂ ಮನ್ಯಾಗೇ ಹುರದು, ಮನ್ಯಾಗೇ ಕುಟ್ಟಿ ತಂದೀವಿ."

೪. ಹೆಬ್ಬೆಟ್ಟು

ಕರಾರು ಅಂದ್ರ ಕರಾರು. ಮಷೀನ್ ಬಂತು. ಮೈದುನ ಗೆದ್ದಿದ್ದ, ಆದ್ರ ಅವನ ಮಾರಿಯೊಳಗೂ ನಗಿ ಇದ್ದಿದ್ದಿಲ್ಲ. ಹೆಣ್ಮಕ್ಕಳಿಗಿ ಹೇಳೂ ಕೆಲಸ ನೀ ಮಾಡು ಅಂದ್ರ, ವೈನಿ ನೀವು ಮಾಡ್ರಿ ಅಂದ. ಕಡೀಗಿ ಇಬ್ಬರೂ ಕೂಡೇ ಹೋದೆವು.

ಹೇಳೂದೇ ಬ್ಯಾಡಾಗಿತ್ತು. ಮಷೀನ್ ನೋಡಿದವರೇ ತಿಳ್ಕೊಂಡ್ರು. ಆದ್ರೂ ಅದಕ್ಕ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದು, ಸೆರಗಿನ್ಯಾಗ ಉಡಿ ತುಂಬಿದಂಗ ಮುಂದ ಅಕ್ಕಿ ಇಟ್ರು. ನನಗ ಅದನ್ನ ನೋಡಾಕ ಆಗಲಿಲ್ಲ. ಆಯಿ ಮಷೀನಿನ ಸುತ್ತಾ ಒಂದು ಸುತ್ತು ಹಾಕಿ, "ಇಂಥಾ ಸೊಸಿ ನಾ ಎಲ್ಲೂ ನೋಡಿಲ್ಲವ್ವಾ, ಕಾಲಿಟ್ಟ ದಿನಾನೇ ಎಲ್ಲಾ ಅತ್ತೇರನ್ನೂ ಹೊರಗ ಹಾಕಿದಳು" ಅಂದಳು. ಹೆಣ್ಮಕ್ಕಳು ಬಿದ್ದು ಬಿದ್ದು ನಕ್ಕು, ತಮ್ಮ ತಮ್ಮ ಪರಾತ ಬಗಲಾಗ ಇಟ್ಕೊಂಡು ಮನಿಗಿ ಹೋದ್ರು.

ಮಷೀನಿನ ರೊಟ್ಟಿ ಏನಂತೀರಿ, ಗುಂಡಗ, ತೆಳ್ಳಗ, ಎಲ್ಲಾ ಒಂದೇ ಅಳತಿ. ಮೈದುನ ಕೈ ಕಾಲು ಹಿಡದು ದುಬೈ ಸಾಹೇಬಗ ಮತ್ತ ಒಪ್ಪಿಸಿದ. ಈ ಸಲ ಮಾಲು ಬಂದರಾ ದಾಟ್ತು, ಅಂಗಡಿಗಿ ಮುಟ್ತು. ನಾವು ಇನ್ನೇನು ಉಸಿರು ಬಿಡಬೇಕು, ಸಾಹೇಬನ ಫೋನು. ರೊಟ್ಟಿ ಯಾರೂ ಒಯ್ಯವಲ್ರು. ಹಪ್ಪಳ ಕಂಡಂಗ ಕಾಣ್ತಾವ. ಪ್ಯಾಕೇಟಿನ ಮ್ಯಾಲ "ಕಮಲಾಪುರದ ತಾಯಂದಿರ ಕೈಯಿಂದ" ಅಂತದ, ತಾಯಂದಿರ ಕೈ ಎಲ್ಲದ ಅಂತ ಮಂದಿ ಕೇಳಾಕತ್ತಾರ. ಕೈ ಗುರುತು ಬೇಕು!

ನಾ ಆಶಾದಿಂದ ಎದ್ದು ನಿಂತೆ. "ಹಂಗಾದ್ರ ಕೈಲೆ ಬಡದ ರೊಟ್ಟಿನೇ ಕಳಸ್ತೀವ್ರಿ ಸಾಹೇಬ್ರ!" ಅಂದೆ.

"ನೈ ನೈ" ಅಂದ. ರೊಟ್ಟಿ ಮಷೀನಿಂದೇ ಇರಲಿ, ಗುರುತು ಮಾತ್ರ ಕೈಯಿಂದು ಇರಲಿ.

ಮೈದುನ ಒಂದೇ ದಿನದಾಗ ಉಪಾಯ ಮಾಡಿದ. ಆಯಿನ್ನ ಮತ್ತ ಮೂರು ಮಂದಿನ್ನ ವಾಪಸ್ ಕರಸಿದ. ಮಷೀನಿನ ಬಾಯಿಂದ ಹಸಿ ರೊಟ್ಟಿ ಬರ್ತದ, ಅದು ಬೆಂಕಿ ಕಡಿ ಹೋಗೂದ್ರೊಳಗ ಇವರು ಅದರ ಮ್ಯಾಲ ಬೆರಳು ಒತ್ತಬೇಕು. ಅಂಚು ಜರಾ ಸೊಟ್ಟ ಮಾಡಬೇಕು. ಅಷ್ಟೇ ನೌಕರಿ. ಅದಕ್ಕ ಒಂದು ಇಂಗ್ಲಿಷ್ ಹೆಸರೂ ಇಟ್ಟಾನ, ಹ್ಯಾಂಡ್ ಫಿನಿಶಿಂಗ್ ಡಿಪಾರ್ಟ್‌ಮೆಂಟ್. ಇಡೀ ಜನ್ಮ ಗುಂಡನ ರೊಟ್ಟಿ ಬಡದ ಕೈ, ಗುಂಡನ ರೊಟ್ಟಿ ಕೆಡಸೂ ಕೆಲಸಕ್ಕ ಹತ್ತಿದ್ವು.

ಒಂದಿನ ಆಯಿ ಬೆರಳು ಒತ್ತಿ ಒತ್ತಿ ಸಾಕಾಗಿ ನನ್ನ ಕಡಿ ತಿರುಗಿದಳು. "ಅಕ್ಕಾರ, ಮೊದಲು ನಮ್ಮ ಕೈಯಾಗ ರೊಟ್ಟಿ ಇತ್ತು. ಈಗ ಬರೇ ಹೆಬ್ಬೆಟ್ಟು ಒತ್ತಾಕತ್ತೀವಿ. ಯಾರಿಗಿ ಏನು ಬರಕೊಡಾಕತ್ತೀವಿ, ಅದನ್ನಾರ ಒಂದು ಸಲ ಓದಿ ಹೇಳ್ರಿ."

೫. ಫೋಟೋ

ಇದು ಮೊನ್ನಿ ಮೊನ್ನಿ ಆಗಿದ್ದು. ಬೆರಳು ಒತ್ತಿದ ರೊಟ್ಟಿ ದುಬೈದಾಗ ಓಡಾಕತ್ತಾವ. ಮೈದುನಗ ಬೇಕಾದ ಗ್ರೋಥ್ ಬಂತು. ಸಾಹೇಬಗ ಈಗ ಹೊಸಾ ಆಶಾ ಹುಟ್ಟ್ಯಾದ. ಪ್ಯಾಕೇಟಿನ ಮ್ಯಾಲ ಖರೇಖರೇ ಕಮಲಾಪುರದ ಹೆಣ್ಮಕ್ಕಳು ರೊಟ್ಟಿ ಬಡಿಯೂ ಫೋಟೋ ಬೇಕಂತ. ಭಾಳ ಮಂದಿ ಇರಬೇಕು, ನಗ್ತಿರಬೇಕು. ಮುಂಬೈಯಿಂದ ಫೋಟೋಗ್ರಾಫರನ್ನೂ ಅವನೇ ಕಳಿಸಿದ.

ನಾಕು ಮಂದಿ ಹೆಬ್ಬೆಟ್ಟಿನವರಿಂದ ಫೋಟೋ ತುಂಬಂಗಿಲ್ಲ. ಮನಿಗಿ ಕಳಿಸಿದವರಿಗೆಲ್ಲಾ ಹೇಳಿಕಳಿಸ್ರಿ ಅಂದ ಮೈದುನ. "ಒಂದಿನಾರ ಕೆಲಸ ಸಿಗ್ತದಲ್ಲ ವೈನಿ" ಅಂದ. ಹೇಳಿಕಳಿಸಿದೆ.

ಬಂದ್ರು ನೋಡ್ರಿ! ಒಬ್ಬಾಕಿ ಬಿಡದೇ ಬಂದ್ರು. ಪೆಟಗಿಯೊಳಗಿನ ಇಳಕಲ್ ಸೀರಿ ಉಟ್ಟು, ಹೂವು ಮುಡದು, ತಮ್ಮ ತಮ್ಮ ಪರಾತ ಬೆಳಗಿ ತಗೊಂಡು. ಮಷೀನಿಗಿ ಒಂದು ಜಮಖಾನಿ ಹೊಚ್ಚಿ ಮರಿ ಮಾಡಿದೆವು. ಮೂಲ್ಯಾಗ ಬಿದ್ದಿದ್ದ ಒಲಿ ತಂದು ಮತ್ತ ಹಚ್ಚಿದ್ರು. ಟಪ್ ಟಪ್ ಶುರು ಆತು. ಎಷ್ಟೋ ದಿನಕ್ಕ ಆ ಸಪ್ಪಳ ಕೇಳಿ ನಾ ಹೊರಗ ಹೋಗಿ ಒಂದು ಸಲ ಅತ್ತು ಬಂದೆ.

ಫೋಟೋಗ್ರಾಫರ್ ಮನುಷ್ಯ ನಗ್ರಿ ಅಂತ ಹೇಳೂದೇ ಬೇಕಾಗಲಿಲ್ಲ. ಹೆಣ್ಮಕ್ಕಳು ಬಂದಾಗಿಂದ ನಗಾಕತ್ತಿದ್ರು. ಒಬ್ಬರಿಗೊಬ್ಬರು ಚಾಷ್ಟಿ ಏನು, ಹಾಡು ಏನು. ಅವನಿಗಿ ಬಿಸಿ ರೊಟ್ಟಿ, ಬದನಿಕಾಯಿ ಪಲ್ಯಾ, ಮ್ಯಾಲ ಹಿಂಡಿ ಹಾಕಿ ಬ್ಯಾಡ ಬ್ಯಾಡ ಅಂದ್ರೂ ಬಡಿಸಿದ್ರು. ಹೊಟ್ಟಿ ಒಡಿಯೂಹಂಗ ತಿಂದ. ಹೋಗೂವಾಗ "ಇಷ್ಟು ಖುಷಿ ಇರೋ ಫ್ಯಾಕ್ಟರಿ ನಾ ಎಲ್ಲೂ ನೋಡಿಲ್ಲ" ಅಂತ ಹಿಂದಿಯೊಳಗ ಹೇಳಿ ನನ್ನ ಕೈ ಕುಲುಕಿದ. ನಾ ಥ್ಯಾಂಕ್ಸ್ ಅಂದೆ. ಮತ್ತೇನು ಅನ್ನಲಿ?

ಸಂಜೀಗಿ ಎಲ್ಲಾರೂ ಒಲಿ ಆರಿಸಿ, ನೆಲಾ ಸಾರಿಸಿ, ಪರಾತ ತೊಳದು ಇಟ್ರು. ಬಗಲಾಗ ಇಟ್ಕೊಂಡು ಹೋಗಲಿಲ್ಲ, ತಮ್ಮ ತಮ್ಮ ಹಳೇ ಜಾಗಾದಾಗೇ ಸಾಲಾಗಿ ಡಬ್ಬಹಾಕಿ ಇಟ್ರು. ಆಮ್ಯಾಲ ಒಬ್ಬಾಕಿ ಸೆರಗಿಲೆ ಮಾರಿ ಒರಸ್ಕೋತ ಬಂದು ಕೇಳಿದಳು, "ಅಕ್ಕಾರ, ನಾಳೆ ಎಷ್ಟೊತ್ತಿಗಿ ಬರಬೇಕ್ರಿ?"

ಎಲ್ಲಾರೂ ನನ್ನ ಕಡಿ ತಿರುಗಿದ್ರು. ನಾ ಮೈದುನನ ಕಡಿ ನೋಡಿದೆ. ಅವ ಫೋನು ಬಾರದೇ ಕಿವಿಗಿ ಫೋನ್ ಹಚ್ಚಿ ಹಲೋ ಹಲೋ ಅನ್ಕೋತ ಹೊರಗ ಹೋದ.

ಆಯಿ ಮಷೀನಿನ ಮ್ಯಾಲಿನ ಜಮಖಾನಿ ಸರಕ್ಕನ ಎಳದು ಮಡಚಿಕೋತ ಹೇಳಿದಳು, "ನಾಳಿಂದ ನೀವು ಬರೂದು ಬ್ಯಾಡ್ರವ್ವಾ. ನಿಮ್ಮ ಫೋಟೋ ಬರ್ತದ ಕೆಲಸಕ್ಕ."